ಉಯ್ಯಾಲೆ ಏರಿದ ಮಾವ

ಪಕ್ಕದ ಮನೆಯಾಕೆಯ ಫೋನಿನಲ್ಲಿ ಯಾವಳೋ ಒಬ್ಬ ಮದುಮಗಳು ಉಯ್ಯಾಲೆಯಲ್ಲಿ ಕೂತು ಛಾವಣಿಯಿಂದ ಇಳಿದು ಬರದೇ ಹೋಗಿದ್ದರೆ, ಮಾವ ಆ ದಿನ ತನ್ನ ಪಾಡಿಗೆ ತಾನು ಕಚೇರಿಯಲ್ಲಿ ತೂಕಡಿಸುತ್ತ ಕೂತಿರುತ್ತಿದ್ದ. ಆದರೆ ಅವಳು ಇಳಿದಳು. ಮೇಲಿಂದ ಹೂವು ಸುರಿಯಿತು, ಕೆಳಗಿಂದ ಹೊಗೆ ಎದ್ದಿತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೈ ಚಾಚಿ ಅದನ್ನು ಮಾವನ ಮನೆಯ ಮದುಮಗಳಿಗೆ ತೋರಿಸಿ, "ಈಗೆಲ್ಲ ಬಾಗಿಲಿಂದ ಯಾರೂ ಬರಲ್ಲ ಕಣೇ," ಎಂದಳು. ಅವಳೂ ಒಂದು ಕಾಲಕ್ಕೆ ಬಾಗಿಲಿಂದಲೇ ನಡೆದು ಬಂದು ಮದುವೆಯಾದವಳು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮದುಮಗಳು ಮಾವನಿಗೆ ಅಕ್ಕನ ಮಗಳು. ಅಪ್ಪ ಅಮ್ಮ ಇಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ, ಜಡೆ ಹಾಕಲು ಕಲಿತು, ಶಾಲೆಗೆ ಬಿಟ್ಟು ಬಂದು ಬೆಳೆಸಿದವನು ಅವನೇ. ಅವಳು ಕರೆದದ್ದೇ ಬೀದಿಗೆಲ್ಲ ಹಬ್ಬಿ, ಅವನಿಗಿಂತ ಹಿರಿಯರೂ ಅವನನ್ನು ಮಾವ ಎನ್ನುತ್ತಿದ್ದರು. ಉಯ್ಯಾಲೆ ನೆಲ ಮುಟ್ಟಿದ ಕೂಡಲೇ ಮಾವನೇ ಬಂದು ತನ್ನ ಕೈ ಹಿಡಿದು ಇಳಿಸಿಕೊಂಡು ವೇದಿಕೆಯವರೆಗೆ ನಡೆಸಬೇಕು ಎಂದು ಅವಳು ಹೇಳಿದ ದಿನ, ಮಾವ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟಿದ್ದ.

ಅದಕ್ಕೇ ಮದುವೆ ದಿನದ ರಜೆ ಅವನಿಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತು. ಅವನು ಗುಮಾಸ್ತನಾಗಿದ್ದದ್ದು ಊರಿಗೆಲ್ಲ ನೀರು ಬಿಡುವ ಕಚೇರಿಯಲ್ಲಿ. ಅಲ್ಲಿನ ಸಾಹೇಬರು ಒಳ್ಳೆಯವರೇ, ಆದರೆ ರಜೆ ಎಂದರೆ ತಮ್ಮ ಮೈಯಿಂದಲೇ ಮಾಂಸ ಕೊಯ್ದು ಕೊಡುವವರಂತೆ ಮುಖ ಮಾಡುತ್ತಿದ್ದರು. ಹೂವಿನವರು, ದರ್ಜಿ, ಅಡುಗೆಯವರು ಎಂದು ಸುತ್ತಿ ಸುತ್ತಿ ಮಾವ ತನ್ನ ಪಾಲಿನ ರಜೆಯನ್ನೆಲ್ಲ ಮುಗಿಸಿದ್ದ. ಉಳಿದದ್ದು ಮದುವೆ ದಿನದ್ದು ಮಾತ್ರ. ನಡುವೆ ಸುಳ್ಳು ನೆಪ ಹೇಳಿ ಸಿಕ್ಕಿಬಿದ್ದರೆ ಅದೂ ರದ್ದು ಎಂದು ಸಾಹೇಬರು ಎಲ್ಲರ ಎದುರು ಹೇಳಿದ್ದರು.

ಅಂಥದ್ದರಲ್ಲಿ ಉಯ್ಯಾಲೆಯ ಪರೀಕ್ಷೆಗೆ ಬನ್ನಿ ಎಂದು ಅಲಂಕಾರದವನು ಕರೆದ. ಮಾವ ಬೆಳಿಗ್ಗೆಯೇ ಸಾಹೇಬರಿಗೆ ಫೋನು ಮಾಡಿ, ಸೊಂಟ ಹಿಡಿದುಕೊಂಡಿದೆ, ಮಗ್ಗುಲು ತಿರುಗಿಸಲೂ ಆಗುತ್ತಿಲ್ಲ ಎಂದು ನರಳಿದ. ಎಷ್ಟು ಚೆನ್ನಾಗಿ ನರಳಿದನೆಂದರೆ, ಅಡುಗೆ ಮನೆಯಲ್ಲಿದ್ದ ಹೆಂಡತಿ ಎಣ್ಣೆ ಬಿಸಿ ಮಾಡಿಕೊಂಡು ಓಡಿ ಬಂದಳು.

ಮದುವೆಯ ಹಾಲಿನಲ್ಲಿ ಉಯ್ಯಾಲೆ ಸಿದ್ಧವಾಗಿತ್ತು. ಬಿಳಿ ಹೂವು ಸುತ್ತಿದ ಹಲಗೆ, ಎರಡು ಬದಿಗೆ ಹಗ್ಗ, ಮೇಲೆ ಮೋಟಾರು. ಮೋಟಾರು ಕೆಳಗಿಳಿಸಲು ಶುರುಮಾಡಿದರೆ ಹಾಡು, ಹೂವು, ಹೊಗೆ ಎಲ್ಲವೂ ತಾವಾಗಿಯೇ ಶುರುವಾಗುವಂತೆ ಅಲಂಕಾರದವನು ಜೋಡಿಸಿದ್ದ. ಕೂರಬೇಕಾದವಳು ಮಾತ್ರ ಕೂರುವ ಹಾಗಿರಲಿಲ್ಲ. ಪಕ್ಕದ ಮನೆಯಾಕೆ ಅವಳ ಮುಖಕ್ಕೆ ಕಾಂತಿ ಬರಲೆಂದು ಬೂದು ಬಣ್ಣದ ಲೇಪ ಮೆತ್ತಿ ಕರೆತಂದಿದ್ದಳು. ಒಣಗುವವರೆಗೆ ನಗಬಾರದು, ಮಾತಾಡಬಾರದು, ತಲೆ ತಗ್ಗಿಸಬಾರದು, ಇಲ್ಲದಿದ್ದರೆ ಮುಖದ ತುಂಬ ಗೆರೆ ಬೀಳುತ್ತದೆ ಎಂದು ಹೆದರಿಸಿಯೂ ಇದ್ದಳು. ಹುಡುಗಿ ಗೋಡೆಗೆ ಒರಗಿಸಿದ ಬೊಂಬೆಯ ಹಾಗೆ ನಿಂತಿದ್ದಳು.

"ಹಾಗಾದ್ರೆ ಅವಳ ಎತ್ತರದವರು ಯಾರಾದ್ರೂ ಕೂರಿ," ಎಂದ ಅಲಂಕಾರದವನು. "ಗೌನು ಹಾಕ್ಕೊಂಡೇ ಕೂರ್ಬೇಕು. ಹಿಂದಿನ ಬಾಲ ಹಗ್ಗಕ್ಕೆ ಸಿಗುತ್ತೋ ಇಲ್ಲವೋ ನೋಡ್ಬೇಕಲ್ಲ."

ಮಾವನ ವಂಶದಲ್ಲಿ ಯಾರೂ ಎತ್ತರಕ್ಕೆ ಬೆಳೆದವರಲ್ಲ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತನ್ನ ಮೈಯನ್ನು ತಾನೇ ಒಮ್ಮೆ ನೋಡಿಕೊಂಡು, ಮೋಟಾರನ್ನೂ ನೋಡಿ, ಸುಮ್ಮನೆ ಬೇರೆ ಕಡೆ ತಿರುಗಿದಳು.

ದರ್ಜಿ ಅಳತೆಗೆಂದು ಅಗ್ಗದ ಬಟ್ಟೆಯಲ್ಲಿ ಹೊಲಿದಿದ್ದ ಗೌನು ಅಲ್ಲೇ ಇತ್ತು. ಈ ವರ್ಷ ಕೆಂಪು, ಹಳದಿ ಯಾರೂ ಉಡುವುದಿಲ್ಲ, ಎಲ್ಲ ತಿಳಿ ಬಣ್ಣ ಎಂದು ಪಕ್ಕದ ಮನೆಯಾಕೆ ಆರಿಸಿದ್ದ ಬಣ್ಣ ಅದು, ಹಾಲು ಹೆಚ್ಚಾದ ಚಹಾದಂತಿತ್ತು. ಅಂಗಿಯ ಮೇಲೇ ಅದನ್ನು ಮಾವನಿಗೆ ತೊಡಿಸಿ, ಬೆನ್ನ ಹಿಂದೆ ದಾರ ಬಿಗಿದು, ಅದೂ ಸಾಲದೆ ಮುಸುಕನ್ನೂ ಹೊದಿಸಿದರು. ಮುಸುಕಿನ ಅಂಚಿಗೆಲ್ಲ ಬ್ಯಾಟರಿಯ ಮಿಣುಕು ದೀಪಗಳಿದ್ದವು. "ಮುಸುಕು ಇಲ್ದೆ ಹೇಗೆ ಗೊತ್ತಾಗುತ್ತೆ ಮಾವ, ಸಿಕ್ಕಿಕೊಳ್ಳೋದೇ ಅದು," ಎಂದಳು ಪಕ್ಕದ ಮನೆಯಾಕೆ. ಅಲಂಕಾರದವನು ಗುಂಡಿ ಒತ್ತಿದ. ಮಾವ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಮೇಲೆ ಹೋದ.

ಛಾವಣಿಗೆ ಇನ್ನೇನು ತಲೆ ತಾಗಬೇಕು, ಕರೆಂಟು ಹೋಯಿತು.

ಅಲಂಕಾರದವನು ಹೆದರಬೇಡಿ ಎಂದು ಕೂಗಿ ಜನರೇಟರಿಗೆ ಎಣ್ಣೆ ತರಲು ಓಡಿದ. ಕತ್ತಲಲ್ಲಿ ಮಾವ ಮಿಣುಗುಟ್ಟುತ್ತ ತೂಗಾಡಿದ. ಕೆಳಗೆ ಹೆಂಡತಿ, ಅಲ್ಲಾಡಬೇಡಿ ಎಂದಳು. ಅಲ್ಲಾಡುವ ಯೋಚನೆ ಅವನಿಗೂ ಇರಲಿಲ್ಲ.

ಆಗ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಮಾವ ಮುಸುಕಿನ ಸಂದಿಯಿಂದ ನೋಡಿದ. ಒಳಗೆ ಬರುತ್ತಿದ್ದದ್ದು ಅವನ ಕಚೇರಿ. ಮುಂದೆ ಸಾಹೇಬರು, ಹಿಂದೆ ಆವತ್ತು ನಿವೃತ್ತನಾಗುತ್ತಿದ್ದ ಹಿರಿಯ ಗುಮಾಸ್ತ ಹಾರ ಹಾಕಿಸಿಕೊಳ್ಳುವ ಮುಖ ಹೊತ್ತು, ಅವನ ಹಿಂದೆ ಉಳಿದವರು. ಬೀಳ್ಕೊಡುಗೆ ಕಚೇರಿಯ ಮಹಡಿಯಲ್ಲೇ ಆಗಬೇಕಿತ್ತು. ಊರಿಗೆಲ್ಲ ನೀರು ಬಿಡುವ ಕಚೇರಿಯ ಸ್ವಂತ ಪೈಪು ಒಡೆದು ಮಹಡಿಯೆಲ್ಲ ಕೆರೆಯಾದ್ದರಿಂದ, ಹತ್ತಿರದ ಈ ಹಾಲಿನಲ್ಲಿ ಒಂದು ಮೂಲೆ ಕೇಳಿ ಪಡೆದಿದ್ದರು.

ಮದುಮಗಳು ಅವರನ್ನು ಕಂಡವಳೇ ಎಚ್ಚರಿಸಲು ಬಾಯಿ ತೆರೆಯಹೋದಳು, ಲೇಪದ ನೆನಪಾಗಿ ಮುಚ್ಚಿಕೊಂಡಳು, ಕೊನೆಗೆ ಬೂದು ಮುಖ ಹೊತ್ತು ಒಳಕೋಣೆಗೆ ಓಡಿದಳು. ಮಾವನ ಹೆಂಡತಿಯೂ ಅವಳ ಹಿಂದೆ ಮಾಯವಾದಳು. ಗಂಡ ಹಾಸಿಗೆ ಹಿಡಿದಿರುವಾಗ ಹೆಂಡತಿ ಮದುವೆ ಹಾಲಿನಲ್ಲಿ ಅಡ್ಡಾಡುವುದು ಅವಳಿಗೇ ಸರಿಕಾಣಲಿಲ್ಲ. ಉಳಿದವಳು ಪಕ್ಕದ ಮನೆಯಾಕೆ ಒಬ್ಬಳೇ. ಸಾಹೇಬರು ಮೇಲೆ ಮಿಣುಗುತ್ತಿದ್ದುದನ್ನು ಕಂಡು ಅದೇನೆಂದು ಕೇಳಿದಾಗ, ಅವಳು ಒಂದು ಉಸಿರಿನಷ್ಟೂ ತಡವರಿಸದೆ, "ಮದುಮಗಳು ಸಾರ್. ಇಳಿಯೋ ಅಭ್ಯಾಸ ಮಾಡ್ತಿದ್ದಾಳೆ," ಎಂದಳು.

ಯಾರ ಮನೆಯ ಮದುವೆ ಎಂದು ಸಾಹೇಬರು ವಿಚಾರಿಸಿದರು. ಪಕ್ಕದ ಮನೆಯಾಕೆ ಅದನ್ನೂ ಹೇಳಿದಳು. "ಅಯ್ಯೋ, ನಮ್ಮವನ ಅಕ್ಕನ ಮಗಳು," ಎಂದು ಸಾಹೇಬರು ಮರುಗಿದರು. "ಅವನು ಪಾಪ ಅಲ್ಲಿ ಮಲಗಿದಲ್ಲಿಂದ ಏಳೋಕಾಗದೆ ಬಿದ್ದಿದ್ದಾನೆ."

ಬಿದ್ದಿದ್ದವನು ಅವರ ನೆತ್ತಿಯ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದ. ಕೆಳಗೆ ಮೊಬೈಲಿನ ಬೆಳಕಿನಲ್ಲಿ ಸಾಹೇಬರ ಭಾಷಣ ಶುರುವಾಯಿತು. ಹಿರಿಯ ಗುಮಾಸ್ತನನ್ನು ಹೊಗಳುವುದು ಮುಗಿದು, ಸೊಂಟ ನೋವಿನಿಂದ ಬರಲಾಗದ ಮಾವನನ್ನೂ ನಾಲ್ಕು ಮಾತಿನಲ್ಲಿ ಹೊಗಳಿದರು. ಇಷ್ಟು ವರ್ಷದಲ್ಲಿ ಮೊದಲ ಬಾರಿ ತನ್ನ ಬಗ್ಗೆ ಒಳ್ಳೆಯ ಮಾತು ಕೇಳಿದ ಮಾವನಿಗೆ ಕಣ್ಣೀರು ಮೀಸೆಯವರೆಗೆ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಹಗ್ಗ ಬಿಡುವಂತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಮೋಟಾರು ಗುರ್ರೆಂದು, ಉಯ್ಯಾಲೆ ಆಗಲೇ ಮೇಲೆ ಮುಟ್ಟಿದೆ ಎಂದುಕೊಂಡಂತೆ ಕೆಳಗಿಳಿಸಲು ಶುರುಮಾಡಿತು. ಹಾಡು ಮೊಳಗಿತು, ಹೊಗೆ ಎದ್ದಿತು, ಮೇಲಿಂದ ಹೂವಿನ ಎಸಳು ಸುರಿದವು, ಆ ಹೂವಿನ ನಡುವೆ ಮಾವ ನಿಧಾನವಾಗಿ ಇಳಿಯತೊಡಗಿದ. ಭಾಷಣ ನಿಂತಿತು. ಮೀಸೆ ಕಾಣದಿರಲೆಂದು ಅವನು ಗದ್ದವನ್ನು ಎದೆಗೆ ಒತ್ತಿಕೊಂಡ. ಎಷ್ಟು ನಾಚಿಕೆ ನೋಡಿ ಎಂದು ಯಾರೋ ಅಂದರು. ಇಡೀ ಕಚೇರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿರಿಯ ಗುಮಾಸ್ತ ತನ್ನ ಕೊರಳಿನ ಹಾರವನ್ನೂ ಮರೆತು ತಟ್ಟಿದ.

ಉಯ್ಯಾಲೆ ನೆಲ ಮುಟ್ಟಿತು. ಸಾಹೇಬರೇ ಮುಂದೆ ಬಂದು ಕೈ ಚಾಚಿದರು. ಬೇರೆ ದಾರಿ ಇರಲಿಲ್ಲ. ಮಾವ ಬೆರಳ ತುದಿಯನ್ನಷ್ಟೇ ಅವರ ಅಂಗೈಯಲ್ಲಿಟ್ಟು ಕೆಳಗಿಳಿದ. "ಚೆನ್ನಾಗಿ ಬಾಳಮ್ಮ," ಎಂದು ಹರಸಿ, ಅವರು ಅವನನ್ನು ವೇದಿಕೆಯವರೆಗೂ ನಡೆಸಿಕೊಂಡು ಹೋದರು. ಕೈ ಬಿಟ್ಟದ್ದೇ ತಡ ಮಾವ ಒಳಕೋಣೆಯತ್ತ ಓಟ ಕಿತ್ತ. ಗೌನಿನ ಬಾಲ ಕಾಲಿಗೆ ತೊಡರಿತು. ಹೊಸ್ತಿಲಲ್ಲಿ ಮುಗ್ಗರಿಸಿದಾಗ ಸೊಂಟದಲ್ಲಿ ಏನೋ ಲಟಕ್ಕೆಂದಿತು.

ಹೀಗೆ ಬೆಳಿಗ್ಗೆ ಆಡಿದ ಸುಳ್ಳು ಸಂಜೆಗೆ ನಿಜವಾಗಿ, ಮಾವ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದ. ನೋವಿದ್ದರೂ ಮನಸ್ಸು ಹಗುರವಾಗಿತ್ತು. ಗುಟ್ಟು ಉಳಿದಿತ್ತು, ರಜೆ ಉಳಿದಿತ್ತು. ಹುಡುಗಿ ತೊಳೆದ ಮುಖದಲ್ಲಿ ಹತ್ತಿರ ಕೂತು ಎಣ್ಣೆ ತಿಕ್ಕುತ್ತ, ಬೆಳಿಗ್ಗೆಯಿಂದ ತಡೆದಿಟ್ಟ ನಗುವನ್ನೆಲ್ಲ ನಗುತ್ತಿದ್ದಳು. ಆಗ ಸಾಹೇಬರು ಹಣ್ಣಿನ ಚೀಲ ಹಿಡಿದು ನೋಡಲು ಬಂದರು.

ಮಾವನ ಎಣ್ಣೆ ಮೆತ್ತಿದ ಸೊಂಟ ಕಂಡು ಅವರಿಗೆ ಕಣ್ಣು ತುಂಬಿತು. ಇಂಥ ನೋವನ್ನೂ ಒಂದು ಕ್ಷಣ ಅನುಮಾನಿಸಿದೆನಲ್ಲ ಎಂದು ನೊಂದುಕೊಂಡರು. ಆಮೇಲೆ ಉಯ್ಯಾಲೆಯ ವರ್ಣನೆ ಶುರುಮಾಡಿದರು. ಅಂಥದ್ದನ್ನು ತಾವು ಜನ್ಮದಲ್ಲಿ ಕಂಡಿಲ್ಲವೆಂದರು, ಮದುವೆ ದಿನ ಇಡೀ ಕಚೇರಿ ಬಂದು ಅದನ್ನು ನೋಡಲೇಬೇಕೆಂದು ಹಟ ಹಿಡಿದಿದೆ ಎಂದರು. ಮಾವ ಸಂತೋಷದಿಂದ ತಲೆಯಾಡಿಸಿದ.

"ಆದ್ರೆ ಕಚೇರಿ ಬಾಗಿಲು ಮುಚ್ಚೋ ಹಾಗಿಲ್ಲ," ಎಂದರು ಸಾಹೇಬರು. "ಯಾರಾದ್ರೂ ಒಬ್ರು ಕೂತಿರ್ಬೇಕು. ನಾನು ತುಂಬ ಯೋಚನೆ ಮಾಡಿದೆ. ಈ ಸೊಂಟ ಇಟ್ಕೊಂಡು ನೀವು ಮದುವೇಲಿ ದಿನವಿಡೀ ನಿಲ್ಲೋಕಾಗಲ್ಲ. ಕಚೇರಿನಲ್ಲಿ ಸುಮ್ಮನೆ ಕೂರೋದು ತಾನೇ. ನನ್ನ ಮೆತ್ತನೆ ಕುರ್ಚಿ ನಿಮಗೇ ಕೊಡ್ತೀನಿ."

ಮಾವ ಗಾಬರಿಯಿಂದ, ಸೊಂಟಕ್ಕೆ ಏನೂ ಆಗಿಲ್ಲ ಎಂದು ತೋರಿಸಲು ದಡಕ್ಕನೆ ಏಳಹೋದ. ಅರ್ಧಕ್ಕೆ ಸಿಕ್ಕಿಕೊಂಡು, ಅಮ್ಮಾ ಎಂದು ಚೀರಿ ಮತ್ತೆ ಬಿದ್ದ. ಸಾಹೇಬರು ಅವನ ಹೊದಿಕೆ ಸರಿಪಡಿಸಿದರು.

"ಹುಡುಗಿ ಕೈ ಹಿಡಿದು ನಡೆಸೋರು ಯಾರು ಅಂತ ತಾನೇ ಚಿಂತೆ? ಅದನ್ನ ನನಗೆ ಬಿಡಿ. ಇವತ್ತೇ ವೇದಿಕೆವರೆಗೂ ನಡೆಸಿ ನೋಡಿದೀನಿ. ನಮ್ಮಿಬ್ರಿಗೂ ಅಭ್ಯಾಸ ಆಗಿದೆ."

ಹುಡುಗಿಯ ನಗು ನಿಂತೇಹೋಯಿತು. ಅವಳು ಮಾವನ ಮುಖ ನೋಡಿದಳು. ಮಾವ ಗೋಡೆಯ ಕಡೆ ನೋಡಿದ. ನಿಜ ಹೇಳಿದರೆ ರಜೆ ರದ್ದು, ಹೇಳದಿದ್ದರೂ ರಜೆ ಇಲ್ಲ.

ಸಾಹೇಬರು ಹೊರಡಲು ಎದ್ದರು. ಬಾಗಿಲವರೆಗೆ ಹೋದವರು ಏನೋ ನೆನಪಾದವರಂತೆ ಹಿಂತಿರುಗಿ, ಹುಡುಗಿಗೆ ಕೇಳಿಸದಂತೆ ಮಾವನ ಕಿವಿಯ ಬಳಿ ಬಗ್ಗಿದರು.

"ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಮಗು ಲಕ್ಷಣವಾಗಿದೆ, ನಡಿಗೆ ಚೆನ್ನಾಗಿದೆ. ಆದ್ರೆ ಕೈ ಮಾತ್ರ ತುಂಬ ಒರಟು. ಮದುವೆಗೆ ಮುಂಚೆ ಅದಕ್ಕೇನಾದ್ರೂ ಹಚ್ಚಿಸಿ."

ಮಾವ ಎರಡೂ ಕೈಗಳನ್ನು ಮೆಲ್ಲನೆ ಹೊದಿಕೆಯೊಳಗೆ ಎಳೆದುಕೊಂಡು, "ಆಗಲಿ ಸಾರ್," ಎಂದ.