ಕಾಕಾರ ಬದಲಿ ನಾಲಿಗೆ

ನಮ್ಮ ಕಾಕಾ ಹೋದ ವರ್ಷ ಒಂದು ಚೂರು ಸಿಹಿಯನ್ನೂ ಬಾಯಿಗೆ ಹಾಕಲಿಲ್ಲ. ಆದರೂ ಇಡೀ ಜಹೀರಾಬಾದಿನಲ್ಲಿ ಅವರಷ್ಟು ಸಿಹಿ ಉಂಡವರು ಇನ್ನೊಬ್ಬರಿಲ್ಲ! ಸುಳ್ಳು ಅನ್ನಿಸಿದರೆ ನನ್ನ ಹೊಟ್ಟೆ ನೋಡಿ. ಅವರು ಉಂಡದ್ದೆಲ್ಲ ಇಲ್ಲಿದೆ.

ಕಾಕಾರದು ಬೆಲ್ಲದ ಅಡತಿ ಅಂಗಡಿ. ನ್ಯಾಲ್ಕಲ್, ಮೊಗುಡಂಪಲ್ಲಿ ಕಡೆಯ ಗಾಣಗಳಿಂದ ಬಂಡಿಗಟ್ಟಲೆ ಬೆಲ್ಲದ ಪೆಂಟೆಗಳು ಬರುತ್ತವೆ. ಕಾಕಾ ಪೆಂಟೆಯ ಮೂಲೆಯಿಂದ ಒಂದು ಚೂರು ಮುರಿದು, ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಕಣ್ಣು ತೆರೆದು ದರ ಹೇಳುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದಿತ್ತು. ಇಂಥ ಮನುಷ್ಯರಿಗೇ ಸಕ್ಕರೆ ಬೇನೆ ಬರಬೇಕೆ? ಬಂತು! ಉಪ್ಪು ಮಾರುವವರಿಗೆ ಬರಬಾರದಿತ್ತೆ?

"ಸೇಠ್ ಸಾಬ್, ಇನ್ನ ಮ್ಯಾಲ ಬೆಲ್ಲ, ಸಕ್ಕರಿ, ಬಾಳಿಹಣ್ಣು ಎಲ್ಲಾ ಬಂದ್," ಎಂದರು ಹಕೀಮರು. "ಜ್ವಾಳದ ರೊಟ್ಟಿ, ಮೆಂತಿ ಪಲ್ಯ, ಹಗಲಕಾಯಿ. ದಿನಾ ಎರಡು ಹೊತ್ತು ನಡೀಬೇಕು."

"ಧಂದೆ ಹ್ಯಾಂಗ ಮಾಡ್ಲಿರಿ? ಒಂದು ಚೂರು ಬಾಯಾಗ ಇಟ್ಟು ಉಗುಳಿಬಿಟ್ರ ನಡೀತದೇನು?"

"ನಿಮ್ಮನ್ನ ಸಣ್ಣವರಿದ್ದಾಗಿಂದ ನೋಡೀನಿ. ನೀವು ಉಗುಳಾಂವರಲ್ಲ!"

ಅಂದು ಸಂಜೆ ಕಾಕಾ ಮನೆಯ ಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಎತ್ತಿನ ಹಲ್ಲು ನೋಡುವವರಂತೆ ಒಬ್ಬೊಬ್ಬರ ನಾಲಿಗೆಯನ್ನೂ ನೋಡಿದರು. ಅವರ ದೊಡ್ಡ ಮಗ ತಂಬಾಕು ಹಾಕುತ್ತಾನೆ. ಸಣ್ಣವನಿಗೆ ಮೆಣಸಿನಕಾಯಿ ಬಿಟ್ಟರೆ ಬೇರೆ ರುಚಿಯೇ ಗೊತ್ತಿಲ್ಲ. ನನ್ನ ಮುಂದೆ ನಿಂತು, "ತಮ್ಮಾ, ಇನ್ನಷ್ಟು ಹೊರಗ ಹಾಕು," ಎಂದರು. ಹಾಕಿದೆ. "ಇದು ನಡೀತದ," ಎಂದರು. ಅಣ್ಣಂದಿರ ಮುಖ ಸಣ್ಣದಾಯಿತು. ಆ ತಾರೀಖನ್ನು ನಾನು ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ.

ಬೆಲ್ಲದ ರುಚಿ ನೋಡುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಅಲ್ಲ! ಕಾಕಾರ ಪಾಲಿನ ಹೋಳಿಗೆ, ಮಾದಲಿ, ಉಂಡಿ ಎಲ್ಲವನ್ನೂ ನಾನು ಅವರ ಎದುರಿಗೇ ಕುಳಿತು ತಿನ್ನಬೇಕು, ತಿಂದದ್ದನ್ನು ಹೇಳಬೇಕು. "ಛಲೋ ಅದ" ಎನ್ನುವಂತಿಲ್ಲ.

"ತುಪ್ಪ ಮೊದಲ ಬಂತೋ, ಯಾಲಕ್ಕಿ ಮೊದಲ ಬಂತೋ?"

"ನುಂಗಿಬಿಟ್ಟೀನಿ ಕಾಕಾ."

"ಹಂಗಾದ್ರ ಇನ್ನೊಂದು ತಿನ್ನು."

ಇದನ್ನು ಕಲಿತ ಮೇಲೆ ನನಗೆ ಮರೆವು ಬಹಳ ಹೆಚ್ಚಾಯಿತು. ಮೂರನೆಯ ಹೋಳಿಗೆಯ ತನಕ ನನಗೆ ಯಾಲಕ್ಕಿ ಹತ್ತುತ್ತಲೇ ಇರಲಿಲ್ಲ. ಕಾಕಿ ಅಡಿಗೆಮನೆಯಿಂದಲೇ ಕೂಗುತ್ತಿದ್ದರು: "ನಿಮ್ಮ ಬ್ಯಾನಿ ನಿಮ್ಮತಲ್ಲೇ ಇರ್ಲಿ, ಈ ಹುಡುಗಗ ಹಚ್ಚಬ್ಯಾಡ್ರಿ!"

ನನ್ನೊಬ್ಬನ ಬಾಯಿಯಿಂದ ಕಾಕಾರಿಗೆ ತೃಪ್ತಿಯಾಗುತ್ತಿತ್ತೆ? ಹಕೀಮರು ಹೇಳಿದಂತೆ ಎರಡು ಹೊತ್ತು ನಡೆಯಲು ಹೊರಟರೆ ಅವರ ಕಾಲು ತಾನಾಗಿ ಒಗ್ಗರಣೆಯ ವಾಸನೆ ಬಂದ ಕಡೆ ತಿರುಗುತ್ತಿತ್ತು. ಒಂದು ಮದುವೆಯಲ್ಲಿ ನಾರಾಯಣಖೇಡದ ಬೀಗರೊಬ್ಬರ ಎದುರು ನಿಂತು ಅವರ ತಟ್ಟೆಯನ್ನೇ ನೋಡುತ್ತಿದ್ದರು. ಅವರು ಮಾದಲಿ ತಿನ್ನುತ್ತ ನಡುವೆ ನೀರಿನ ತಂಬಿಗೆ ಎತ್ತಿದರು. ಕಾಕಾರಿಗೆ ತಡೆಯಲಾಗಲಿಲ್ಲ.

"ಏನ್ ಮಾಡ್ಲಾಕತ್ತೀರಿ! ಮಾದಲಿ ಮ್ಯಾಲ ನೀರೇನ್ರಿ? ಹಾಲು ಹಾಕ್ಕೊಳ್ರಿ, ಹಾಲು!"

"ನೀವ್ಯಾರ್ರಿ ಹೇಳಾಕ?"

"ನಾ ತಿನ್ನಲಾರದಾಂವ!"

ಬೀಗರು ಬೆಪ್ಪಾಗಿ ಹಾಲು ಹಾಕಿಸಿಕೊಂಡರು. ಕಾಕಾ ಅವರು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನ್ನ ತಟ್ಟೆಯಲ್ಲೂ ಮಾದಲಿಯಿತ್ತು. ಒಮ್ಮೆಯಾದರೂ ಈ ಕಡೆ ನೋಡಬಾರದೆ? ನನ್ನ ಹೊಟ್ಟೆಕಿಚ್ಚಿಗೆ ಅಂದು ಮೊದಲ ಕಡ್ಡಿ ಬಿತ್ತು. ಅದು ಉರಿ ಹಿಡಿದದ್ದು ಫಸಲಿ ಪಂಚಾಂಗದ ಬಹಮನ್ ತಿಂಗಳಲ್ಲಿ, ಚಳಿ ಬಿದ್ದ ಮೇಲೆ, ತಾಂಡೂರಿನ ಚಾಚಾ ಬಂದಾಗ.

ಚಾಚಾ ಕಾಕಾರ ಬಾಲ್ಯದ ಗೆಳೆಯರು. ತಾಂಡೂರಿನ ಸ್ಟೇಷನ್ನಿನಲ್ಲಿ ಪಾರ್ಸೆಲ್ ಬಾಬು ಆಗಿದ್ದು, ನೌಕರಿ ಮುಗಿಸಿದ್ದರು. ಮಾಡಲು ಕೆಲಸವಿಲ್ಲದೆ ವಾರಕ್ಕೊಮ್ಮೆ ರೈಲು ಹತ್ತಿ ಬರಹತ್ತಿದರು. ಬಂದ ಮೊದಲ ದಿನವೇ ಕಾಕಾ ಒಂದೇ ಪೆಂಟೆಯಿಂದ ಎರಡು ಚೂರು ಮುರಿದು ಒಂದನ್ನು ನನಗೆ, ಒಂದನ್ನು ಅವರಿಗೆ ಕೊಟ್ಟರು.

ನಾನು ತಿಂದು ಹೇಳಿದೆ: "ಪಾಕ ಜರಾ ಹೆಚ್ಚಾಗ್ಯಾದ, ಕಾಕಾ."

ಚಾಚಾ ದೊಡ್ಡ ಮಂದಿಯ ಅದಬು-ಮರ್ಯಾದೆಯಿಂದ ಮುಖ ಪಕ್ಕಕ್ಕೆ ತಿರುಗಿಸಿ, ಕರವಸ್ತ್ರ ಅಡ್ಡ ಹಿಡಿದು ಚೂರನ್ನು ಬಾಯಿಗೆ ಒಯ್ದರು. ಕಣ್ಣು ಮುಚ್ಚಿದರು. ಆಮೇಲೆ, "ಯಾರ್, ಏನ್ ಹೇಳಲಿ! ಮೊದಲ ಒಲಿ ಹೊಗಿ ಬಂತು. ಅದರ ಹಿಂದ ಹಸಿ ಕಬ್ಬು. ಆಮ್ಯಾಲ ನಾವಿಬ್ಬರೂ ಸಣ್ಣವರಿದ್ದಾಗ ಗಾಣದಾಗ ಕೊಪ್ಪರಿಗಿ ಕೆರಕೊಂಡು ತಿಂದು, ಬಾಯಿ ಸುಟ್ಟುಕೊಂಡು ಓಡಿ ಬಂದ್ವಿ ನೋಡು, ಆ ಬಿಸಿ ಬಂತು," ಎಂದರು.

"ವಾಹ್!" ಎಂದರು ಕಾಕಾ. ಅವರ ಕಣ್ಣಲ್ಲಿ ನೀರು! ನನ್ನ "ಪಾಕ ಜರಾ ಹೆಚ್ಚಾಗ್ಯಾದ" ನೆಲಕ್ಕೆ ಬಿದ್ದು ಯಾರದೋ ಚಪ್ಪಲಿಗೆ ಅಂಟಿಕೊಂಡು ಹೋಯಿತು.

ನಾನು ಲೆಕ್ಕ ಇಡುವ ಮನುಷ್ಯ. ದಿನಚರಿಯಲ್ಲಿ ಎರಡು ಗೆರೆ ಎಳೆದು, ಯಾರಿಗೆ ಎಷ್ಟು "ವಾಹ್" ಬಂತೆಂದು ಬರೆಯತೊಡಗಿದೆ. ಬಹಮನ್ ಮುಗಿಯುವ ಹೊತ್ತಿಗೆ ಚಾಚಾರಿಗೆ ಮೂವತ್ತೊಂದು. ನನಗೆ ಎರಡು, ಅದರಲ್ಲೊಂದು ಆಕಳಿಕೆಯೂ ಆಗಿರಬಹುದು. ನಾನೇನು ಸುಮ್ಮನಿದ್ದೆನೆ? ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ, ಮುಂದಿನ ಸಲ ಚಾಚಾ ಬಂದಾಗ ಬೆಲ್ಲ ಬಾಯಿಗೆ ಬಿದ್ದ ಕೂಡಲೆ ಹೇಳಿದೆ: "ಕಾಕಾ, ಇದು ಮುಂಜಾನಿ ಸೂರ್ಯನಂಗ ಅದ!"

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಸೂರ್ಯನ ನೀ ಯಾವಾಗ ತಿಂದ್ಯೋ?"

ಅಂಗಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾ. ನಕ್ಕು ನನ್ನ ಬೆನ್ನು ಬೇರೆ ಸವರಿದರು! ಇಂಥ ಒಳ್ಳೆಯ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂಬುದು ಪಟ್ಟವರಿಗೇ ಗೊತ್ತು.

ಬಹಮನ್ ಕಳೆದು ಇಸ್ಫಂದಾರ್ ತಿಂಗಳ ಆರಂಭದಲ್ಲಿ ಕಾಕಾ ನನ್ನನ್ನು ಕರೆದು, "ತಮ್ಮಾ, ಈ ಹಂಗಾಮು ಮುಗಿಯೂತನಾ ಬಾಬು ರುಚಿ ನೋಡ್ತಾನ. ನೀ ಹಿಂದ ವಖಾರದಾಗ ಪೆಂಟಿ ಒಟ್ಟು," ಎಂದರು. ಮಾಲು ತುಂಬುವ ಆ ಕತ್ತಲೆ ಕೋಣೆಗೆ ನಾನು! ಕಾಕಾರ ಮಗ್ಗುಲಿನ ಗಾದಿಯ ಮೇಲೆ ಚಾಚಾ! ಅಂದು ನಾನು ಹೋಳಿಗೆಯನ್ನು ಒಂದೇ ಸಲಕ್ಕೆ ಮುಗಿಸಿ ಎದ್ದೆ. ಯಾಲಕ್ಕಿ ಮೊದಲು ಬಂದಿತ್ತು. ಯಾರೂ ಕೇಳಲಿಲ್ಲ.

ಅದೇ ವಾರ ಧಾರೂರಿನ ಕಡೆಯಿಂದ ಒಂದು ಬಂಡಿ ಬೆಲ್ಲ ಬಂತು. "ಹಾಲಿನ ಕೆನಿ, ಯಾರ್, ಹಾಲಿನ ಕೆನಿ!" ಎಂಬ ಚಾಚಾರ ದನಿ ವಖಾರದ ತನಕ ಕೇಳಿಸಿತು. ಕಾಕಾ ಬಂಡಿಗೆ ಬಂಡಿಯನ್ನೇ ಕೊಂಡರು. ಪೆಂಟೆಗಳನ್ನು ಒಟ್ಟುತ್ತ, ಅದೆಂಥ ಕೆನೆಯೋ ನೋಡೋಣವೆಂದು ನಾನೊಂದು ಚೂರು ಮುರಿದು ಬಾಯಿಗೆ ಹಾಕಿದೆ.

ಉಪ್ಪು! ಸವುಳು ನೀರಿನ ಬಾವಿಯ ಕಬ್ಬಿನಿಂದ ತೆಗೆದ ಬೆಲ್ಲ! ನನ್ನ ಜನ್ಮದಲ್ಲಿ ನಾನು ಅಷ್ಟು ಸಂತೋಷದಿಂದ ಬೇರೆ ಯಾವುದನ್ನೂ ತಿಂದಿಲ್ಲ.

ಗಾದಿಯ ಮೇಲೆ ಇಬ್ಬರೂ ಇರಲಿಲ್ಲ. ಕಾಕಾ ನಡೆಯಲು ಹೋಗಿದ್ದರು. ಚಾಚಾ ಸಂಜೆಯ ರೈಲಿಗೆ ಹೊರಟಿದ್ದರು. ಸ್ಟೇಷನ್ನಿಗೆ ಓಡಿದೆ. ಹೊರಗೆ ಟಾಂಗಾದ ಕುದುರೆಯ ಮುಂದೆ ಚಾಚಾ ನಿಂತಿದ್ದರು. ಕರವಸ್ತ್ರದ ಗಂಟು ಬಿಚ್ಚಿ, ಅಂದು ಅವರು ತಿಂದಿದ್ದ ಬೆಲ್ಲದ ಚೂರುಗಳನ್ನೆಲ್ಲ ಒಂದೊಂದಾಗಿ ಕುದುರೆಗೆ ತಿನ್ನಿಸುತ್ತಿದ್ದರು! ಕುದುರೆ ಕುಣಿಕುಣಿದು ತಿಂದಿತು. ಹಾಲಿನ ಕೆನೆಯ ಚೂರು ಬಂದಾಗ ಮಾತ್ರ ತುಟಿ ಎತ್ತಿ, ಸೀನಿ, ಮುಖ ತಿರುಗಿಸಿತು.

"ಚಾಚಾ, ನೀವು ತಿಂದೇ ಇಲ್ಲೇನ್ರಿ?"

ಚಾಚಾ ಬೆಚ್ಚಿಬಿದ್ದರು. ಆಮೇಲೆ ನಿಧಾನವಾಗಿ ಕರವಸ್ತ್ರ ಮಡಚಿದರು. "ಬೇಟಾ, ನಂಗೂ ಅದೇ ಬ್ಯಾನಿ. ತಿನ್ನೂದು ಬಿಟ್ಟು ಬಹಳ ದಿನ ಆತು. ನಿನ್ನ ಕಾಕಾಗ ಹೇಳಬ್ಯಾಡ. ನಾನೂ ತಿನ್ನಲ್ಲಂತ ಗೊತ್ತಾದ್ರ ಅಂವ ಖುಷಿಲಿಂದ ಏನ್ ಕೇಳಬೇಕು?"

ರೈಲು ಬಂತು, ಅವರು ಹೋದರು. ನಾನು ಹೇಳದೆ ಇದ್ದೆನೆ? ಬಂಡಿಗಟ್ಟಲೆ ಉಪ್ಪು ಬೆಲ್ಲ ಬಂದು ಬಿದ್ದಿದೆ, ಮುಚ್ಚಿಡುವ ಮಾತೇ ಅದು? ನಡೆದು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಕಾಕಾರ ಮುಂದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಗೊತ್ತದ," ಎಂದರು ಕಾಕಾ.

"ಏನ್ ಗೊತ್ತದ?"

"ಎರಡೂ. ಸವುಳು ಬೆಲ್ಲ ಕೈಯಾಗ ಹಿಡಿದ್ರ ಬೆವರತದ, ಅದಕ್ಕ ನಾಲಿಗಿ ಯಾಕ ಬೇಕು? ಬಾಬೂಂದು ಹೋದ ತಿಂಗಳೇ ತಿಳೀತು. ಗಾಣದಾಗ ಕೆಂಡದ ಮ್ಯಾಲ ಕಾಲಿಟ್ಟು ನಿಂತು ಮಾತಾಡ್ಲಾಕತ್ತಿದ್ದ. ಅಂವಗ ಖಬರೇ ಇಲ್ಲ! ನಾನೇ ಜಗ್ಗಿದೆ. ಈ ಬ್ಯಾನಿಗೆ ನನ್ನ ಕಾಲೂ ಹಂಗೇ ಜೋಮು ಹಿಡಿದಾವ, ನಂಗ ತಿಳಿಯಂಗಿಲ್ಲೇನು?"

"ಮತ್ತ ಆ ಬಂಡಿ ಯಾಕ ಕೊಂಡ್ರಿ?"

"ಅಂವ ಅಷ್ಟು ಛಂದ ಹೇಳಿದ ಮ್ಯಾಲ ಬ್ಯಾಡ ಅನ್ನಲೇನೋ? ಇರ್ಲಿ, ದನಕ್ಕ ಹೋಗ್ತದ."

"ನಾಲಿಗಿ ಬ್ಯಾಡಾಗಿದ್ರ ನನ್ನ ಯಾಕ ತಿನಿಸಿದ್ರಿ, ಕಾಕಾ?"

"ನೀ ತಿನ್ನೂದು ನೋಡಾಕ. ಇನ್ನ್ಯಾತಕ್ಕ?" ಎಂದು ಅವರು ಎದ್ದು ಒಳಗೆ ಹೋದರು.

ಮುಂದಿನ ವಾರ ಚಾಚಾ ಬಂದಾಗ ಕಾಕಿ ಅಂಗಡಿಗೆ ಮೂರು ಬುತ್ತಿ ಕಳಿಸಿದ್ದರು. ಕಟ್ಟೆಯ ಮೇಲೆ ಮೂವರೂ ಕುಳಿತೆವು. ನನ್ನ ಬುತ್ತಿಯಲ್ಲಿ ತುಪ್ಪ ಸವರಿದ ಹೋಳಿಗೆ, ಕಾಕಾರದರಲ್ಲಿ ಜೋಳದ ರೊಟ್ಟಿ ಮತ್ತು ಹಗಲಕಾಯಿ. ಚಾಚಾ ತಮ್ಮದನ್ನು ಬಿಚ್ಚಿದರು. ಅದರಲ್ಲೂ ರೊಟ್ಟಿ, ಹಗಲಕಾಯಿ. ಅವರು ಬಿಚ್ಚಿದ ಬಟ್ಟೆಯನ್ನು ನೋಡಿದರು, ಕಾಕಾರನ್ನು ನೋಡಿದರು. ಕಿಸೆಯಿಂದ ತೆಗೆದಿದ್ದ ಕರವಸ್ತ್ರವನ್ನು ಮಡಚಿ ಮತ್ತೆ ಒಳಗಿಟ್ಟರು.

"ಉಣ್ಣೋ ಬಾಬು," ಎಂದರು ಕಾಕಾ, ಬೇರೆ ಕಡೆ ನೋಡುತ್ತ. "ಒಬ್ಬಂವನೇ ಕೂತು ಕಹಿ ತಿಂದು ತಿಂದು ಬ್ಯಾಸರಾಗ್ಯಾದ."

ಇಬ್ಬರೂ ಒಂದೇ ಹೊತ್ತಿಗೆ ತುತ್ತು ಮುರಿದರು. ಹೇಗಿದೆ ಎಂದು ಇವರು ಅವರನ್ನು ಕೇಳಲಿಲ್ಲ, ಅವರು ಇವರಿಗೆ ಹೇಳಲಿಲ್ಲ. ಬರೇ ಉಂಡರು, ಹೆಗಲಿಗೆ ಹೆಗಲು ಹತ್ತಿಸಿ. ನನ್ನ ಕೈಯಲ್ಲಿ ಹೋಳಿಗೆ ಹಾಗೇ ಇತ್ತು. ನೋಡುತ್ತ ನೋಡುತ್ತ ಆ ಹಗಲಕಾಯಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಹೋಳಿಗೆಯನ್ನು ಬದಿಗಿಟ್ಟು ಕೈ ಚಾಚಿದೆ.

"ಕಾಕಾ, ನಂಗೂ ಒಂದು ಹೋಳು ಕೊಡ್ರಿ."