ಎಣಿಕೆ ಮುಗಿಯೋ ತನಕ

ಪೀಂ ಪೀಂ ಪೀಂ!

ನೋರೀನ್: ನಿಲ್ಲಿಸೋ ಆ ಅಲಾರಾಂನ! ಐದಕ್ಕೆ ಕೌಂಟಿಯ ಸರ್ಕಾರಿ ಕಚೇರಿ ಮುಚ್ತಾರೆ, ಇವತ್ತೇ ಕೊನೇ ದಿನ. ಹೋಗೋಕೇ ನಲವತ್ತು ನಿಮಿಷ ಬೇಕು. ನಮ್ಮ ಹೊಸ ಕಂಪನಿ ಅರ್ಜಿಯ ಕೊನೇ ಸಾಲು ಹೇಳು, ಬರ್ಕೊಳ್ತೀನಿ.

ಡೆಲ್ಬರ್ಟ್: ನಾಲ್ಕಾಯ್ತು. ಮೊದಲು ಎಣಿಕೆ. ಎದ್ದು ನಿಂತ್ಕೋ.

ಅವನು ಹೇಳುವ ಮೊದಲೇ ನೋರೀನ್ ಫ್ರಿಜ್ಜಿನ ಪಕ್ಕ ನೆಟ್ಟಗೆ ನಿಂತಾಗಿತ್ತು. ಓಕ್ಲಹೋಮಾದ ಜೈಲಿನಲ್ಲಿ ಮೂವತ್ತೊಂದು ವರ್ಷ ಕಾವಲಿದ್ದ ಗಂಡ ನಿವೃತ್ತನಾಗಿ ಎರಡು ವರ್ಷ. ಅಂದಿನಿಂದ ಜೈಲಿನ ಕಾನೂನೇ ಮನೆಯಲ್ಲೂ: ನಾಲ್ಕಕ್ಕೆ ತಲೆ ಎಣಿಸಬೇಕು, ಲೆಕ್ಕ ಸರಿಹೋಗುವ ತನಕ ಯಾರೂ ಕದಲಬಾರದು.

ಡೆಲ್ಬರ್ಟ್: ನೀನು ಒಂದು, ನಾನು ಎರಡು. ಬಿಸ್ಕಿಟ್ ಎಲ್ಲಿ?

ನೋರೀನ್: ಬೆಕ್ಕು ಕಣೋ ಅದು! ಎಲ್ಲೋ ಹೋಗಿರುತ್ತೆ.

ಡೆಲ್ಬರ್ಟ್: ಮೂರಿರಬೇಕು, ಎರಡಿದೆ. ಮತ್ತೆ ಎಣಿಸ್ತೀನಿ.

ನೋರೀನ್: ಮತ್ತೆ ಎಣಿಸಿದ್ರೆ ಲೆಕ್ಕ ಮರಿ ಹಾಕುತ್ತಾ?

ಡೆಲ್ಬರ್ಟ್: ಒಂದು... ಸೊಟ್ಟ ನಿಲ್ಲಬೇಡ... ಎರಡು.

ನೋರೀನ್: ‘ಜೈಲಿಂದ ಬಂದವರ ಜೈಲಿನ ಚಾಳಿ ಬಿಡಿಸೋದೇ ನಮ್ಮ ಕಂಪನಿಯ ಕೆಲಸ.’ ಅರ್ಜಿಯ ಮೊದಲನೇ ಪುಟದಲ್ಲಿ ನೀನೇ ಬರೆಸಿದ್ದು!

ಡೆಲ್ಬರ್ಟ್: ಅದು ಕೈದಿಗಳಿಗೆ. ನಾನು ಕಾವಲುಗಾರ.

ನೋರೀನ್: ನಿನ್ನೆ ಕ್ಷೌರದಂಗಡಿ ಬಾಗಿಲ ಮುಂದೆ ಐದು ನಿಮಿಷ ನಿಂತಿದ್ಯಲ್ಲ, ಜೈಲಲ್ಲಿ ಹಾಗೆ ಯಾರಾದ್ರೂ ಒಳಗಿಂದ ಗುಂಡಿ ಒತ್ತಿ ತೆಗೀತಾರೆ ಅಂತ?

ಡೆಲ್ಬರ್ಟ್: ಅದು ಶಿಸ್ತು.

ನೋರೀನ್: ನಮ್ಮಮ್ಮ ತಂದ ಪೀಚ್ ಪೈಗೆ ಕಡ್ಡಿ ಚುಚ್ಚಿ ಚುಚ್ಚಿ ನೋಡಿದ್ದು?

ಡೆಲ್ಬರ್ಟ್: ಹೊರಗಿಂದ ಬಂದ ಸಾಮಾನು, ತಪಾಸಣೆ ಮಾಡಲೇಬೇಕು. ನಿಮ್ಮಮ್ಮ ಅಂತ ಬಿಡೋಕಾಗುತ್ತಾ?

ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು. ಡೆಲ್ಬರ್ಟನ ಕೈ ಸೊಂಟಕ್ಕೆ ಹೋಗಿ, ಈಗಿಲ್ಲದ ಕೀಲಿಗೊಂಚಲನ್ನು ತಡವಿತು. ನಿವೃತ್ತಿಯ ಬಳಿಕ ದಿನವಿಡೀ ಪೈಜಾಮದಲ್ಲೇ ಕಳೆಯುತ್ತಿದ್ದವನು ಈ ಕಂಪನಿಯ ಯೋಜನೆ ಶುರುವಾದ ಮೇಲಷ್ಟೇ ದಿನಾ ಗಡ್ಡ ಹೆರೆಯುತ್ತಿದ್ದ. ಇವತ್ತು ಅರ್ಜಿ ತಲುಪದಿದ್ದರೆ ನಾಳೆಯಿಂದ ಮತ್ತೆ ಪೈಜಾಮವೇ. ನೋರೀನಳಿಗೆ ಅದು ಗೊತ್ತಿತ್ತು.

ನೋರೀನ್: ಸರಿ, ಆ ಕೊನೇ ಸಾಲಲ್ಲಿ ಏನು ಕೇಳಿದಾರೆ?

ಡೆಲ್ಬರ್ಟ್: ಪುರಾವೆ. ನಮ್ಮಿಂದ ಚಾಳಿ ಬಿಟ್ಟವರು ಒಬ್ಬರಾದ್ರೂ ಇರಬೇಕಂತೆ. (ದನಿ ಇಳಿಸಿ) ಯಾರೂ ಇಲ್ಲ ಕಣೇ.

ನೋರೀನ್ ನಿಂತಲ್ಲೇ ಕಾಗದವನ್ನು ಫ್ರಿಜ್ಜಿಗೆ ಒತ್ತಿಹಿಡಿದು ಸರಸರ ಬರೆದಳು.

ಡೆಲ್ಬರ್ಟ್: ಏನದು?

ನೋರೀನ್: ‘ಎರಡು ವರ್ಷ ದಿನಾ ನಾಲ್ಕಕ್ಕೆ ಎದ್ದು ನಿಲ್ಲುತ್ತಿದ್ದ ಹೆಂಗಸೊಬ್ಬಳು ಇಂದು ಎಣಿಕೆ ಮುಗಿಯುವ ಮೊದಲೇ ಹೊರನಡೆದಳು.’

ಡೆಲ್ಬರ್ಟ್: ಸುಳ್ಳು! ಇಲ್ಲೇ ನಿಂತಿದ್ದೀಯಲ್ಲ!

ಅವಳು ಅರ್ಜಿಯ ಫೈಲನ್ನು ಕಂಕುಳಲ್ಲಿರಿಸಿ, ಕಾರಿನ ಕೀ ಎತ್ತಿಕೊಂಡು ಬಾಗಿಲು ದಾಟಿದಳು.

ಡೆಲ್ಬರ್ಟ್: ನೋರೀನ್! ಎಲ್ಲಿಗೆ? ಲೆಕ್ಕ ಇನ್ನೂ ಕಮ್ಮಿ ಆಯ್ತು! ಕೇಳು, ನಾನು ಏನು ಹೇಳ್ತಿದ್ದೀನಂದ್ರೆ...

ಹೊರಗೆ ಮೆಟ್ಟಿಲ ಮೇಲೆ ಬಿಸ್ಕಿಟ್ ಬಿಸಿಲು ಕಾಯಿಸುತ್ತ ಮಲಗಿತ್ತು.

“ನೀನೂ ಒಳಗೆ ಹೋಗಬೇಡ,” ಎಂದು ಅದನ್ನು ದಾಟಿ ನೋರೀನ್ ಕಾರಿನತ್ತ ನಡೆದಳು. ಅವಳ ಬೆನ್ನ ಹಿಂದೆ ಗಂಡ ಮೊದಲಿನಿಂದ ಎಣಿಸುತ್ತಿದ್ದ:

“ಒಂದು...”