ಬಿಳಿ ಸೀರೆಯ ಸಿಸ್ಟರಮ್ಮ ಮತ್ತು ನಾನು

ಸಿಸ್ಟರಮ್ಮನ ಜೊತೆ ಹೊರಬಿದ್ದ ಮೇಲೆ ಏನಾದರೊಂದು ಆಗದೆ ನಾನು ತಿರುಗಿ ಮನೆಗೆ ಬಂದದ್ದೇ ಇಲ್ಲ. ಅವರನ್ನು ರಾಯಚೂರಿನಲ್ಲಿ ಮಣ್ಣು ಮಾಡಿದ ದಿನವೂ ಹಾಗೇ ಆಯಿತು. ಅಳುತ್ತಾ ಕೂತಿದ್ದ ನಾವು ನಾಲ್ಕು ಜನ ಹೆಂಗಸರು, ಒಬ್ಬಳು ತೆಗೆದ ಹಳೇ ಸುದ್ದಿಗೆ ನಗಲು ಹತ್ತಿದವರು, ಮುಂದಿದ್ದ ಚಹಾ ಆರಿಹೋದರೂ ನಿಲ್ಲಿಸಲಿಲ್ಲ. ನೋಡಿದವರು ಏನಂದುಕೊಂಡರೋ. ಅವರೇ ಇದ್ದಿದ್ದರೆ ಇನ್ನೊಂದು ಸಲ ಚಹಾ ಇಡಿಸುತ್ತಿದ್ದರು.

ನಾನು ಅವರ ಬಳಿ ಆಯಾ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಕೊನೆಗೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಎರಡು ಮಕ್ಕಳಿದ್ದವು, ಹೊಲದ ಕೂಲಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಸಿಸ್ಟರಮ್ಮ ಕರಾವಳಿ ಕಡೆಯವರು, ಕ್ರೈಸ್ತ ಸನ್ಯಾಸಿನಿ, ನರ್ಸ್ ಕೂಡ. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಪೋತ್ನಾಳದ ಆಚೆಗಿನ ನಮ್ಮ ಹಳ್ಳಿಯಲ್ಲಿ ಎರಡು ಕಬ್ಬಿಣದ ಮಂಚ, ಒಂದು ಸ್ಟೋವು ಇಟ್ಟುಕೊಂಡು ಹೆರಿಗೆ ಕೋಣೆ ತೆರೆದಿದ್ದರು. ರಾಯಚೂರಿನ ಕಾನ್ವೆಂಟಿನ ಹಿರಿಯ ಸಿಸ್ಟರು, ಅವರನ್ನು ಎಲ್ಲರೂ ಮದರ್ ಅನ್ನುತ್ತಿದ್ದರು, ಒಂದು ವರ್ಷದ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಹೆಂಗಸರು ಬಂದರೆ ಸರಿ, ಬರದಿದ್ದರೆ ಕೋಣೆ ಮುಚ್ಚಿ ಮಂಚಗಳ ಸಮೇತ ವಾಪಸ್ಸು ಬಾ ಎಂದು. ಮಂಚ ಹೋದರೆ ನನ್ನ ಮಕ್ಕಳ ಅನ್ನವೂ ಅದರ ಹಿಂದೆಯೇ ಹೋಗುತ್ತಿತ್ತು.

ಆರು ತಿಂಗಳಾದರೂ ಒಬ್ಬಳೂ ಬರಲಿಲ್ಲ.

ಚೊಂಬು ಹಿಡಿದವರು

ಬಾರದಿದ್ದಕ್ಕೆ ಕಾರಣ ಸಿಸ್ಟರಮ್ಮನ ಬಿಳಿ ಸೀರೆ. ಬಿಳಿ ಸೀರೆ, ಬರಿ ಹಣೆ, ಬಳೆ ಇಲ್ಲದ ಕೈ. ಊರವರು ಗಂಡ ಸತ್ತವಳು ಎಂದು ತಿಳಿದುಬಿಟ್ಟಿದ್ದರು. ಪಕ್ಕದಲ್ಲಿ ನಾನು ಬೇರೆ, ನಿಜವಾಗಿಯೂ ಗಂಡ ಸತ್ತವಳು. ಒಂದು ಅಪಶಕುನವನ್ನಾದರೂ ಜನ ತಡೆದುಕೊಂಡಾರು, ಜೋಡಿ ಬಂದರೆ ಯಾರು ತಡೆಯುತ್ತಾರೆ? ಬೆಳಿಗ್ಗೆ ನಾವು ಎದುರಾದರೆ ಎತ್ತು ಹೊಡೆದುಕೊಂಡು ಹೊರಟವರು ಮನೆಗೆ ತಿರುಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು.

ಇವರೆಲ್ಲ ಯಾಕೆ ಏನಾದರೂ ಮರೆತು ಬರುತ್ತಾರೆ ಎಂದು ಸಿಸ್ಟರಮ್ಮ ಕೇಳಿದರು. ನಾನು ಎರಡು ದಿನ ತಪ್ಪಿಸಿಕೊಂಡು, ಮೂರನೇ ದಿನ ಇದ್ದದ್ದನ್ನು ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. ಹಾಗಾದರೆ ಯಾರೂ ಹೊರಡುವ ಮೊದಲೇ ನಾವು ಹೊರಟುಬಿಡೋಣ ಎಂದರು. ಮರುದಿನ ಬೆಳಕು ಹರಿಯುವಾಗಲೇ ಹೊರಟೆವು. ಆ ಹೊತ್ತಿಗೆ ಊರ ಹೊರಗೆ ಯಾರು ಓಡಾಡುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ನೆನಪಾಗಲಿಲ್ಲ. ಚೊಂಬು ಹಿಡಿದ ಗಂಡಸರು ಒಬ್ಬರ ಹಿಂದೊಬ್ಬರು ಎದುರಾದರು. ಮನೆಗೆ ತಿರುಗಿ ಒಂದು ಗಳಿಗೆ ಕೂತು ಬರುವಷ್ಟು ಪುರುಸೊತ್ತು ಅವರಲ್ಲಿ ಯಾರಿಗೂ ಇರಲಿಲ್ಲ. ಒಬ್ಬ ಕಣ್ಣು ಮುಚ್ಚಿಕೊಂಡು ಜಾಲಿ ಕಂಟಿಯೊಳಗೇ ನುಗ್ಗಿದ.

ಸಿಸ್ಟರಮ್ಮ ತಲೆ ತಗ್ಗಿಸಿಕೊಂಡು ಅಷ್ಟು ದೂರ ನಡೆದು, ಆಮೇಲೆ ಗಂಭೀರವಾಗಿ ಹೇಳಿದರು: "ಅವಸರ ಇದ್ದವರಿಗೆ ಶಕುನ ಇಲ್ಲ. ನಾವು ಅವಸರದಲ್ಲಿ ಇರುವವರನ್ನೇ ಹಿಡಿಯಬೇಕು."

ತಾಯಿ ಮಗು ಕ್ಷೇಮ

ಅವಸರದವನು ಒಂದು ಮಧ್ಯಾಹ್ನ ತಾನಾಗಿಯೇ ಓಡಿ ಬಂದ. ಬೆಳಿಗ್ಗೆಯಿಂದ ತಿಣುಕಾಕತ್ತದ, ಕಾಲು ಹೊರಗ ಬಂದಾವ, ಮೈ ಬರವಲ್ದು ಎಂದ. ಸಿಸ್ಟರಮ್ಮ ಚೀಲ ಹಿಡಿದು ಓಡಿದರು. ನಾನು ಬಿಸಿನೀರು ಹೊತ್ತು ಅವರ ಹಿಂದೆ. ಮನೆ ಬಾಗಿಲಿಗೆ ಬಂದರೆ ಆತ ನಮ್ಮನ್ನು ಒಳಗೆ ಬಿಡದೆ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ದನದ ದೊಡ್ಡಿಯಲ್ಲಿ ಎಮ್ಮೆ ಮಲಗಿತ್ತು.

ಎಮ್ಮೆಗಾ ನಮ್ಮನ್ನು ಕರೆದದ್ದು ಎಂದು ನಾನು ರೇಗಿದೆ. ಆತನಿಗೆ ನಾಚಿಕೆಯೂ ಇತ್ತು, ಉತ್ತರವೂ ಇತ್ತು. "ಮನಿ ಒಳಗ ಆದ್ರ ನಮ್ಮವ್ವ ಬ್ಯಾಡಂತಾಳ್ರೀ. ದೊಡ್ಡಿಗಿ ಬಂದ್ರ ಏನೂ ಆಗಂಗಿಲ್ಲಂತ."

ಸಿಸ್ಟರಮ್ಮ ಅಷ್ಟರಲ್ಲಿ ತೋಳು ಮೇಲೇರಿಸಿ ಕೂತಾಗಿತ್ತು. ಎಮ್ಮೆಯ ಶಾಸ್ತ್ರ ಅವರು ಓದಿದವರಲ್ಲ, ಆದರೂ ಅರ್ಧ ಗಂಟೆಯಲ್ಲಿ ಕರು ಹೊರಗೆ ಬಂತು. ಆತನ ಹೆಂಡತಿ ಅಡುಗೆ ಮನೆಯ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಅವಳಿಗೂ ಐದು ತಿಂಗಳಾಗಿತ್ತು. ಆಕೆಯ ಅತ್ತೆ, ಅದೇ "ನಮ್ಮವ್ವ", ಬಾಗಿಲಲ್ಲಿ ನಿಂತು ನಮ್ಮನ್ನು ಕಾಯುತ್ತಿದ್ದಳು, ಒಳಗೆ ಬರದಂತೆ.

ಆ ತಿಂಗಳ ವರದಿಯಲ್ಲಿ ಸಿಸ್ಟರಮ್ಮ ಮದರ್‌ಗೆ ಬರೆದರು: ಒಂದು ಹೆರಿಗೆ, ಕಷ್ಟದ ಹೆರಿಗೆ, ತಾಯಿ ಮಗು ಕ್ಷೇಮ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸು ಎಂದು ನನಗೇ ಸವಾಲು ಹಾಕಿದರು. ಮದರ್ ಸಂತೋಷಪಟ್ಟು, ಮಗುವಿಗೆ ಏನು ಹೆಸರಿಟ್ಟರು ಎಂದು ಕೇಳಿ ಕಾಗದ ಬರೆದರು. ಸಿಸ್ಟರಮ್ಮ ಒಂದು ದಿನವೆಲ್ಲ ಯೋಚಿಸಿ ಉತ್ತರ ಹಾಕಿದರು: ಹೆಣ್ಣು, ಇನ್ನೂ ಹೆಸರಿಟ್ಟಿಲ್ಲ, ನಿನ್ನೆಯಿಂದ ಹುಲ್ಲು ಮೂಸುತ್ತಿದೆ.

ಮೊದಲು ಹತ್ತಿದವರು

ದೇವದುರ್ಗದಲ್ಲಿ ಮಕ್ಕಳಿಗೆ ಸೂಜಿ ಹಾಕುವ ಕೆಲಸಕ್ಕೆ ಹೋಗಿದ್ದೆವು. ವಾಪಸ್ಸು ಬರಲು ಮಾನ್ವಿ ಬಸ್ಸಿಗೆ ಸಿಸ್ಟರಮ್ಮ ಎಲ್ಲರಿಗಿಂತ ಮುಂಚೆ ಹತ್ತಿದರು. ಡ್ರೈವರ್ ಆಗಷ್ಟೇ ಊದಿನಕಡ್ಡಿ ಬೆಳಗುತ್ತಿದ್ದ. ಬಿಳಿ ಸೀರೆ ಕಂಡವನೇ ಕಡ್ಡಿ ಹಿಡಿದುಕೊಂಡೇ, ನೀವು ಇಳಿದು ಕಡೀಕ ಹತ್ತರಿ ಎಂದ. ನನಗೆ ಉರಿಯಿತು. ಸಿಸ್ಟರಮ್ಮ ಸುಮ್ಮನೆ ಇಳಿದು, ಎಲ್ಲರೂ ಹತ್ತಿದ ಮೇಲೆ ಹತ್ತಿ, ಕಂಬ ಹಿಡಿದು ನಿಂತರು.

ಎರಡು ಹಳ್ಳಿ ದಾಟುವುದರಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಹಿಂದೆ ತಿರುಗಿ ಸಿಸ್ಟರಮ್ಮನನ್ನು ನೋಡಿದ. ಬಸ್ಸಿಗೆ ಬಸ್ಸೇ ನೋಡಿತು. ಸಿಸ್ಟರಮ್ಮ ಮೆತ್ತಗೆ, "ನಾನು ಕೊನೆಗೆ ಹತ್ತಿದವಳು. ಮೊದಲು ಹತ್ತಿದವರು ಯಾರೋ ಕೇಳಿ ನೋಡಿ" ಎಂದರು. ನಾನಲ್ಲ ನಾನಲ್ಲ ಎಂದು ಬಸ್ಸಿನ ತುಂಬ ಗದ್ದಲ ಎದ್ದಿತು. ಕುರಿಮರಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕ ಎಲ್ಲರನ್ನೂ ಸುಮ್ಮನಿರಿಸಿದ. "ಲೇ ತಮ್ಮಾ, ಎಲ್ಲಾರಕಿಂತ ಮೊದಲ ಹತ್ತಿದಂವ ನೀನ ಅಲ್ಲೇನು?"

ಡ್ರೈವರ್ ಇಳಿದು ಕಡೆಗೆ ಹತ್ತಿದ. ಬಸ್ಸು ಮಾತ್ರ ಹೊರಡಲಿಲ್ಲ.

ಅಂಗಳದ ಪಂಚಾಯ್ತಿ

ವರ್ಷ ಮುಗಿಯಲು ಮೂರು ವಾರ ಉಳಿದಿತ್ತು. ಎಮ್ಮೆಯವರ ಮನೆಯ ಸೊಸೆಗೆ ನೋವು ಶುರುವಾಗಿ ಒಂದೂವರೆ ದಿನವಾಗಿತ್ತು. ಊರ ಸೂಲಗಿತ್ತಿ ಕೈಚೆಲ್ಲಿ, ಸಿಸ್ಟರಮ್ಮನನ್ನು ಕರೀರಿ ಎಂದಿದ್ದಳು. ನಾವು ಓಡಿ ಬಂದರೆ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ದಾರಿ ಬಿಡಲಿಲ್ಲ. ಒಳಗೆ ಆ ಹುಡುಗಿ ಚೀರುತ್ತಿದ್ದಳು.

"ನಿನ್ನ ಗಂಡ ಸತ್ತು ಎಷ್ಟು ವರ್ಷ ಆತಬೇ?" ಎಂದು ಮುದುಕಿ ಕೇಳಿದಳು.

ನನ್ನ ಗಂಡ ಸತ್ತಿಲ್ಲ ಎಂದರು ಸಿಸ್ಟರಮ್ಮ. ಬೆರಳಿನ ಉಂಗುರ ತೋರಿಸಿ, ದೇವರನ್ನೇ ಮದುವೆಯಾಗಿದ್ದೇನೆ, ನಮ್ಮಲ್ಲಿ ಹಾಗೆ, ಎಂದರು. ಮುದುಕಿ ಉಂಗುರವನ್ನು ಹಿಡಿದು ನೋಡಿದಳು. "ಹಂಗಾರ ಅವ ಎಂದೂ ಸತ್ತಿಲ್ಲ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಪುಣ್ಯಾತ್ಗಿತ್ತಿಗೆ ಸುಳ್ಳು ಬಾರದು. "ಒಂದು ಸಲ ಸತ್ತಿದ್ದರು" ಎಂದುಬಿಟ್ಟರು. ನಾನು ಹಿಂದಿನಿಂದ ಅವರ ಬೆನ್ನು ಚಿವುಟಿದೆ. ಮುದುಕಿಯ ಮುಖ ಇಳಿದುಹೋಯಿತು. ಸಿಸ್ಟರಮ್ಮ ಬೆನ್ನು ಉಜ್ಜಿಕೊಳ್ಳುತ್ತಾ ಮಾತು ಮುಗಿಸಿದರು: "ಮೂರನೆಯ ದಿನ ಎದ್ದು ಬಂದರು. ಇನ್ನು ಸಾಯುವುದಿಲ್ಲ."

ಮುದುಕಿ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಹ್ವಾದ ಗಂಡನ್ನ ಮೂರು ದಿನದಾಗ ತಿರುಗಿ ಕರಸಿಕೊಂಡಾಕಿ ಅಂದ್ರ, ನಿನ್ನಂಥ ಗಟ್ಟಿ ಮುತ್ತೈದಿ ಈ ಸೀಮ್ಯಾಗ ಇಲ್ಲ. ಬಾರವ್ವ ಒಳಗ."

ಕೂಸಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಸಿಸ್ಟರಮ್ಮ ಬೆರಳು ಹಾಕಿ ಬಿಡಿಸಿ ಕೂಸನ್ನು ಹೊರಗೆ ತಂದರು. ಅದು ಅಳಲಿಲ್ಲ. ಬಾಯಿ ಒರೆಸಿದರು, ಬೆನ್ನು ತಿಕ್ಕಿದರು, ಉಸಿರು ಊದಿದರು. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಬಳ್ಳಿ ನೀನೇ ಕತ್ತರಿಸು ಎಂದು ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ನಾನು ಹಿಂದೆ ಸರಿದೆ, ಅವರು ಗದರಿದರು, ನಾನು ಕತ್ತರಿಸಿದೆ. ಮುಂದೆ ನಾನು ನರ್ಸ್ ತರಬೇತಿ ಮುಗಿಸಿ ಸರ್ಕಾರಿ ನೌಕರಿ ಮಾಡಿ, ಮಕ್ಕಳನ್ನು ಓದಿಸಿದ್ದೆಲ್ಲ ಆ ಕತ್ತರಿಯಿಂದ. ಅವರ ಋಣ ನನ್ನ ಮೇಲೆ ಇನ್ನೂ ಇದೆ.

ಮದರ್ ಬಂದರು

ಮೂರು ವಾರ ಕಳೆದು ಆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೇ, ಗಡುವು ಮುಗಿಯಿತೆಂದು ರಾಯಚೂರಿನಿಂದ ಮದರ್ ಜೀಪು ತಂದರು. ಹೆರಿಗೆ ಕೋಣೆಯಲ್ಲಿ ಯಾರೂ ಇಲ್ಲದ್ದು ಕಂಡು, ಇನ್ನೇನಿದೆ ಎಂದು ಡ್ರೈವರನ ಕೈಲಿ ಎರಡೂ ಮಂಚಗಳನ್ನು ಜೀಪಿಗೆ ಏರಿಸಿ, ಸಿಸ್ಟರಮ್ಮನನ್ನು ಹುಡುಕುತ್ತಾ ತೊಟ್ಟಿಲ ಮನೆಗೆ ಬಂದರು.

ಅಲ್ಲಿ ಸಿಸ್ಟರಮ್ಮನನ್ನು ಮೊದಲ ಮುತ್ತೈದೆಯಾಗಿ ಕಂಬಳಿಯ ಮೇಲೆ ಕೂರಿಸಿದ್ದರು. ಗಲ್ಲಕ್ಕೆ ಅರಿಶಿನ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ. ಇವಳಿಗೂ ಉಡಿ ತುಂಬದಿದ್ದರೆ ನಾನು ಏಳುವುದಿಲ್ಲ, ಬಳ್ಳಿ ಕತ್ತರಿಸಿದವಳು ಇವಳು, ಎಂದು ನನ್ನನ್ನು ತೋರಿಸಿ ಸಿಸ್ಟರಮ್ಮ ಹಟ ಹಿಡಿದಿದ್ದರು. ಹಿಂಗ ಎಲ್ಲಿಯೂ ಇಲ್ಲ ಎಂದು ಗೊಣಗುತ್ತಲೇ ಮುದುಕಿ ನನ್ನ ಉಡಿಯನ್ನೂ ತುಂಬಿದಳು. ಗಂಡ ಹೋದ ಮೇಲೆ ನನ್ನ ಸೆರಗಿಗೆ ಬಿದ್ದ ಮೊದಲ ಅಕ್ಕಿ ಅದು. ನಾನು ಅಳುತ್ತಿದ್ದೆ. ಬಾಗಿಲಲ್ಲಿ ಮದರ್ ನಿಂತಿದ್ದರು.

ಸಿಸ್ಟರಮ್ಮ ಅರಿಶಿನದ ಗಲ್ಲದಲ್ಲೇ ಎದ್ದು ಇದ್ದದ್ದನ್ನೆಲ್ಲ ಹೇಳಿದರು, ಎಮ್ಮೆಯದನ್ನೂ ಸೇರಿಸಿ. ಮದರ್ ನಗಲಿಲ್ಲ. ಮುದುಕಿಯನ್ನು ನೋಡಿ, ಇನ್ನು ಮುಂದೆ ನಿಮ್ಮ ಹೆಂಗಸರು ನಮ್ಮ ಕೋಣೆಗೆ ಬರುತ್ತಾರಾ, ಖಂಡಿತ ಹೇಳಿ, ಮಂಚ ಜೀಪಿನಲ್ಲಿದೆ ಎಂದರು. ನಾನು ಉಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮುದುಕಿ ಮದರ್ ಉಟ್ಟಿದ್ದ ಬಿಳಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಯಜಮಾನ್ರು ಯಾರ್ರೀ?"

ಮದರ್ ತಮ್ಮ ಉಂಗುರ ತೋರಿಸಿ, ದೇವರೇ, ಎಂದರು.

"ಅದೇ ದೇವರು? ಈಕಿ ಗಂಡನ?"

ಹೌದೆಂದರು ಮದರ್. ರಾಯಚೂರಾಗ ಇನ್ನೂ ಎಷ್ಟು ಮಂದಿ ಅದೀರಿ ಎಂದು ಮುದುಕಿ ಕೇಳಿದಳು. ಹನ್ನೆರಡು ಜನ, ಒಂದೇ ಮನೆಯಲ್ಲಿ, ಎಲ್ಲರಿಗೂ ಅವರೇ, ಎಂದರು ಮದರ್. ಮುದುಕಿ ಬೆರಳು ಮಡಚಿ ಎಣಿಸಿದಳು. ತೊಟ್ಟಿಲ ಹಗ್ಗ ಬಿಟ್ಟು, ಎರಡೂ ಕೈ ಜೋಡಿಸಿದಳು.

"ಹನ್ನೆರಡು ಮಂದಿ ಸವತ್ಯಾರು ಒಂದ ಒಲಿ ಮ್ಯಾಲ ಅಡಿಗಿ ಮಾಡಿಕೊಂಡು ಜಗಳಿಲ್ಲದ ಅದೀರಂದ್ರ, ನಿಮ್ಮ ಗಂಡ ಖರೇನ ದೇವರು. ಮಂಚ ಇಳಸ್ರೆವ್ವ."